ವಿರೋಧವೋ, ವಿರೋಧಾಭಾಸವೋ: ತರ್ಕಪ್ರಶ್ನೆಯೊಂದರಿಂದ ಸಂಶೋಧನೆಗೆ ಪಾಠ

ಸ್ಪರ್ಧಾತ್ಮಕ ಪರೀಕ್ಷೆಗಳ ತರ್ಕವಿಭಾಗದಲ್ಲಿ ಒಂದು ಬಗೆಯ ಪ್ರಶ್ನೆಯುಂಟು. ಒಂದಕ್ಕೊಂದು ಹೊಂದದಂತೆ ತೋರುವ ಎರಡು ಸಂಗತಿಗಳನ್ನು ಮೊದಲು ಕೊಟ್ಟು, ಮುಂದಿನ ಹೇಳಿಕೆಗಳಲ್ಲಿ ಯಾವುದು ನಿಜವಾದರೆ ಈ ತೋರಿಕೆಯ ವಿರೋಧ ಪರಿಹಾರವಾಗುತ್ತದೆ ಎಂದು ಕೇಳಲಾಗುತ್ತದೆ. ಜಿಮ್ಯಾಟ್, ಎಲ್‌ಸ್ಯಾಟ್ ಮುಂತಾದ ಪರೀಕ್ಷೆಗಳಿಗೆ ಸಿದ್ಧರಾಗುವವರಿಗೆ ಇದು ಪರಿಚಿತ. ಸಾಹಿತ್ಯದ ವಿದ್ಯಾರ್ಥಿಗಳು ಇದನ್ನು ಕಾನೂನು ಅಥವಾ ವ್ಯವಹಾರಾಡಳಿತ ಓದುವವರ ಕಸರತ್ತೆಂದು ಬದಿಗಿಡುವುದುಂಟು. ಹಾಗೆ ಬದಿಗಿಡುವುದು ಉಚಿತವಲ್ಲ. ಈ ಪ್ರಶ್ನೆ ಬೇಡುವ ಎಚ್ಚರವು ಜೈನ ನ್ಯಾಯಶಾಸ್ತ್ರದಲ್ಲಿ ಬಹುಕಾಲದಿಂದ ಇರುವಂಥದು. ಕನ್ನಡ ಸಾಹಿತ್ಯಚರಿತ್ರೆಯ ಸಂಶೋಧನೆಗೆ ಇಂದಿಗೂ ಬೇಕಾದುದು.

ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು. ಒಂದು ಹಸ್ತಪ್ರತಿ ಭಂಡಾರದ ಸೂಚಿ ಪ್ರಕಟವಾದ ಮೇಲೆ ಅಲ್ಲಿಗೆ ಬರುವ ಓದುಗರ ಸಂಖ್ಯೆ ಇಳಿಯಿತು. ಆದರೆ ಅಲ್ಲಿಯ ಹಸ್ತಪ್ರತಿಗಳನ್ನು ಆಧರಿಸಿದ ಪ್ರಬಂಧಗಳು ಹೆಚ್ಚಾದವು. ಇದಕ್ಕೆ ನಾಲ್ಕು ಉತ್ತರಗಳನ್ನು ಕೊಟ್ಟಿದೆ ಎಂದಿಟ್ಟುಕೊಳ್ಳೋಣ. ಭಂಡಾರದ ಕೆಲಸದ ವೇಳೆಯನ್ನು ಕಡಿಮೆ ಮಾಡಲಾಯಿತು ಎಂಬ ಉತ್ತರ ಇಳಿಕೆಯನ್ನು ಮಾತ್ರ ವಿವರಿಸುತ್ತದೆ. ಪ್ರಾಚೀನ ಗ್ರಂಥಗಳಲ್ಲಿ ಆಸಕ್ತಿ ಬೆಳೆಯಿತು ಎಂಬುದು ಏರಿಕೆಯನ್ನು ಮಾತ್ರ ವಿವರಿಸುತ್ತದೆ. ಓದುಗರ ಲೆಕ್ಕವೇ ತಪ್ಪು ಎಂಬುದು ಕೊಟ್ಟ ಸಂಗತಿಯನ್ನೇ ನಿರಾಕರಿಸುತ್ತದೆ. ಸೂಚಿಯ ಜೊತೆಗೆ ಹಸ್ತಪ್ರತಿಗಳ ಛಾಯಾಪ್ರತಿಗಳೂ ದೂರದಿಂದಲೇ ದೊರೆಯುವಂತಾದವು ಎಂಬ ನಾಲ್ಕನೆಯ ಉತ್ತರ ಎರಡು ಸಂಗತಿಗಳನ್ನೂ ಉಳಿಸಿಕೊಂಡು ಅವುಗಳ ನಡುವೆ ಕಾಣದಿದ್ದ ಕೊಂಡಿಯನ್ನು ತೋರಿಸುತ್ತದೆ. 'ಓದುಗರು' ಎಂದರೆ 'ಭಂಡಾರಕ್ಕೆ ಬಂದವರು' ಎಂದು ತಿಳಿದದ್ದರಿಂದಲೇ ವಿರೋಧ ಹುಟ್ಟಿತ್ತು.

ಅಲಂಕಾರಶಾಸ್ತ್ರ ಬಲ್ಲವರಿಗೆ ಇದು ಹೊಸದಲ್ಲ. ವಿರೋಧಾಭಾಸದಲ್ಲಿ ವಿರೋಧವು ಮೊದಲ ಓದಿನಲ್ಲಿ ತೋರುತ್ತದೆ, ಅರ್ಥವಿವೇಚನೆಯಲ್ಲಿ ಕರಗುತ್ತದೆ. ಜೈನ ತಾರ್ಕಿಕರು ಇದನ್ನೇ ವಸ್ತುತತ್ತ್ವದ ನೆಲೆಯಲ್ಲಿ ವಿಚಾರಿಸಿದರು. ಬ್ರಹ್ಮಸೂತ್ರದ 2.2.33ನೆಯ ಸೂತ್ರದ ಭಾಷ್ಯದಲ್ಲಿ ಶಂಕರರು ಎತ್ತುವ ಆಕ್ಷೇಪ ಪ್ರಸಿದ್ಧವಾದುದು: ಶೀತ ಮತ್ತು ಉಷ್ಣಗಳಂತೆ, ಇರುವಿಕೆ ಮತ್ತು ಇಲ್ಲದಿರುವಿಕೆಗಳು ಒಂದೇ ವಸ್ತುವಿನಲ್ಲಿ ಏಕಕಾಲಕ್ಕೆ ಕೂಡಿರಲಾರವು. ಜೈನರ ಸಮಾಧಾನವೆಂದರೆ, ಒಂದೇ ಅಪೇಕ್ಷೆಯಿಂದ ಹಾಗೆ ಕೂಡುತ್ತವೆಂದು ಸ್ಯಾದ್ವಾದ ಹೇಳುವುದೇ ಇಲ್ಲ. ತನ್ನ ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ಅಪೇಕ್ಷೆಯಿಂದ ವಸ್ತು ಉಂಟು. ಪರದ್ರವ್ಯಾದಿಗಳ ಅಪೇಕ್ಷೆಯಿಂದ ಇಲ್ಲ. 'ಸ್ಯಾತ್' ಎಂಬುದಕ್ಕೆ 'ಬಹುಶಃ' ಎಂದು ಅರ್ಥ ಮಾಡುವುದು ತಪ್ಪು. 'ಒಂದು ಅಪೇಕ್ಷೆಯಿಂದ' ಎಂಬುದೇ ಅದರ ಅರ್ಥ. ಸಮಂತಭದ್ರಾಚಾರ್ಯರ 'ಆಪ್ತಮೀಮಾಂಸೆ'ಯಲ್ಲಿ ಬರುವ ದೃಷ್ಟಾಂತ ಇದನ್ನು ಸುಲಭವಾಗಿ ತಿಳಿಸುತ್ತದೆ. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದಾಗ ಕೊಡ ಬೇಕಾದವನಿಗೆ ಶೋಕ, ಕಿರೀಟ ಬೇಕಾದವನಿಗೆ ಹರ್ಷ, ಚಿನ್ನವಷ್ಟೇ ಬೇಕಾದವನಿಗೆ ಎರಡೂ ಇಲ್ಲ. ಮೂವರ ಅನುಭವವೂ ನಿಜ. ಯಾವುದನ್ನೂ ಅಲ್ಲಗಳೆಯದೆ ಉತ್ಪಾದ, ವ್ಯಯ, ಧ್ರೌವ್ಯಗಳನ್ನು ಬೇರ್ಪಡಿಸಿ ಹೇಳುವುದೇ ಇಲ್ಲಿನ ಪರಿಹಾರ.

ಸಾಹಿತ್ಯಚರಿತ್ರೆಯಲ್ಲಿ ಈ ಎಚ್ಚರ ತಪ್ಪಿದಾಗ ಏನಾಗುತ್ತದೆಂಬುದಕ್ಕೆ ಚಾವುಂಡರಾಯನ ಪ್ರಸಂಗ ಒಳ್ಳೆಯ ನಿದರ್ಶನ. ಈತ ಗಂಗರ ಮಂತ್ರಿ, ದಂಡನಾಯಕ; ಸಮರಪರಶುರಾಮ, ರಣರಂಗಸಿಂಗ ಮುಂತಾದ ಬಿರುದುಗಳನ್ನು ಪಡೆದವನು. ಈತನೇ 978ರಲ್ಲಿ ಗದ್ಯದಲ್ಲಿ ತ್ರಿಷಷ್ಟಿಶಲಾಕಾಪುರುಷರ ಪುರಾಣವನ್ನು ರಚಿಸಿದ. ಶ್ರವಣಬೆಳಗೊಳದಲ್ಲಿ ಬಾಹುಬಲಿಯ ಮೂರ್ತಿಯನ್ನು ಮಾಡಿಸಿದ. ಅಹಿಂಸೆಯೇ ಪರಮಧರ್ಮವೆನ್ನುವ ಮತದ ಶ್ರದ್ಧಾಳು ರಣರಂಗದಲ್ಲಿ ಹೆಸರಾದುದು ಹೇಗೆ? ಬಿರುದುಗಳೆಲ್ಲ ಅತಿಶಯೋಕ್ತಿ ಎಂದು ಕೆಲವರು ಹೇಳಬಹುದು. ಅರಮನೆಯವರ ಜೈನತ್ವ ಹೊರತೋರಿಕೆಯದೆಂದು ಇನ್ನು ಕೆಲವರು ಹೇಳಬಹುದು. ಪರೀಕ್ಷೆಯ ಭಾಷೆಯಲ್ಲಿ ಇವೆರಡೂ ತಪ್ಪು ಉತ್ತರಗಳು: ಮೊದಲನೆಯದು ಒಂದು ಸಂಗತಿಯನ್ನು ಅಳಿಸುತ್ತದೆ, ಎರಡನೆಯದು ಇನ್ನೊಂದನ್ನು.

ಕಾಣದಿರುವ ಕೊಂಡಿ ಶ್ರಾವಕಾಚಾರದಲ್ಲಿದೆ. ಮುನಿಗೆ ಮಹಾವ್ರತ, ಗೃಹಸ್ಥನಿಗೆ ಅಣುವ್ರತ. 'ರತ್ನಕರಂಡಕ ಶ್ರಾವಕಾಚಾರ'ವು ಗೃಹಸ್ಥನ ಅಹಿಂಸಾಣುವ್ರತವನ್ನು ಹೇಳುವಾಗ ಸಂಕಲ್ಪಪೂರ್ವಕವಾದ ತ್ರಸಜೀವಿಗಳ ಹಿಂಸೆಯನ್ನು ಬಿಡುವುದೆಂದು ಅದರ ಎಲ್ಲೆಯನ್ನು ಗುರುತಿಸುತ್ತದೆ. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ವಿಂಗಡಿಸಿ, ರಕ್ಷಣೆಗಾಗಿ ಎದುರಿಸುವಾಗ ಒದಗುವ ವಿರೋಧೀ ಹಿಂಸೆಯನ್ನು ಗೃಹಸ್ಥನು ಪೂರ್ತಿಯಾಗಿ ಬಿಡಲಾರನೆಂದು ಹೇಳುವ ಕ್ರಮವೂ ಪರಂಪರೆಯಲ್ಲಿದೆ. ಗೃಹಸ್ಥ ಮತ್ತು ಯತಿಗಳ ಆಚಾರವನ್ನು ನಿರೂಪಿಸುವ 'ಚಾರಿತ್ರಸಾರ' ಚಾವುಂಡರಾಯನದೇ ಕೃತಿ. ದಂಡನಾಯಕನಾಗಿಯೂ ಶ್ರಾವಕನಾಗಿಯೂ ಆತ ನಿಂತ ನೆಲೆ ಆಗ ತಿಳಿಯುತ್ತದೆ.

ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ವಿರೋಧವನ್ನು ಪರಿಹರಿಸುವುದು ಬೇರೆ, ಸಮರ್ಥಿಸುವುದು ಬೇರೆ. ಮೇಲಿನ ವಿವರಣೆಯಿಂದ ಯುದ್ಧವು ಅಹಿಂಸೆಯಾಗುವುದಿಲ್ಲ. ವಿರೋಧೀ ಹಿಂಸೆಯೂ ಹಿಂಸೆಯೇ, ಅದಕ್ಕೂ ಕರ್ಮಬಂಧ ತಪ್ಪದು. ಒಬ್ಬ ವ್ಯಕ್ತಿಯಲ್ಲಿ ಎರಡು ಸಂಗತಿಗಳು ಹೇಗೆ ಕೂಡಿದ್ದವೆಂಬುದಷ್ಟೇ ಇದರಿಂದ ತಿಳಿಯುತ್ತದೆ. ಅನೇಕಾಂತವನ್ನು ಎಲ್ಲವನ್ನೂ ಒಪ್ಪಿಬಿಡುವ ಉಪಾಯವೆಂದು ಬಳಸುವವರು ಈ ಭೇದವನ್ನು ಮರೆಯುತ್ತಾರೆ.

'ಕವಿರಾಜಮಾರ್ಗ'ದ ವಿಷಯದಲ್ಲಿಯೂ ಇಂಥದೇ ತೊಡಕು. ಲಕ್ಷ್ಯವಿಲ್ಲದೆ ಲಕ್ಷಣ ಹುಟ್ಟದು. ಆದರೂ ದೊರೆತಿರುವ ಮೊದಲ ಕನ್ನಡ ಗ್ರಂಥ 9ನೆಯ ಶತಮಾನದ ಲಕ್ಷಣಗ್ರಂಥ. 'ದೊರೆತಿರುವ ಮೊದಲನೆಯದು' ಮತ್ತು 'ಬರೆದ ಮೊದಲನೆಯದು' ಎಂಬ ಎರಡನ್ನು ಬೇರ್ಪಡಿಸಿದೊಡನೆ ಈ ತೊಡಕು ಬಿಡುತ್ತದೆ. ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದ ಗದ್ಯಕಾರರನ್ನು ಆ ಗ್ರಂಥವೇ ಹೆಸರಿಸುತ್ತದೆ. ತಾಳೆಗರಿ ಶಾಶ್ವತವಲ್ಲ, ಮತ್ತೆ ಮತ್ತೆ ಪ್ರತಿ ಮಾಡಿಸಿದುದು ಉಳಿಯಿತು, ಮಾಡಿಸದಿದ್ದುದು ಅಳಿಯಿತು.

ಇಷ್ಟಾದರೂ ಪರೀಕ್ಷೆಯ ಕೊಠಡಿಗೂ ಸಂಶೋಧಕನ ಮೇಜಿಗೂ ಒಂದು ದೊಡ್ಡ ಅಂತರವಿದೆ. ಪರೀಕ್ಷೆಯಲ್ಲಿ ಎರಡು ಹೇಳಿಕೆಗಳೂ ನಿಜವೆಂದು ಮೊದಲೇ ಒಪ್ಪಬೇಕು. ಸಂಶೋಧನೆಯಲ್ಲಿ ಅಂಥ ಭರವಸೆ ಯಾರೂ ಕೊಡುವುದಿಲ್ಲ. ಶಾಸನವೊಂದರ ಶಕವರ್ಷವೂ ಸಂವತ್ಸರದ ಹೆಸರೂ ಒಂದು ವರ್ಷದಷ್ಟು ಹೊಂದದಿದ್ದರೆ, ಗತವರ್ಷ ಮತ್ತು ವರ್ತಮಾನವರ್ಷಗಳ ಎಣಿಕೆಯ ಭೇದದಿಂದ ಎರಡನ್ನೂ ಉಳಿಸಿಕೊಳ್ಳಬಹುದು. ಯಾವ ಎಣಿಕೆಗೂ ತಿಥಿ, ವಾರಗಳು ಕೂಡದಿದ್ದರೆ, ಲಿಪಿಯೂ ಹೇಳಿದ ಕಾಲಕ್ಕೆ ಒಪ್ಪದಿದ್ದರೆ, ಅದು ಆಭಾಸವಲ್ಲ, ನಿಜವಾದ ವಿರೋಧ. ಗಂಗರ ತಾಮ್ರಶಾಸನಗಳಲ್ಲಿ ಹಲವು ಕೂಟಶಾಸನಗಳೆಂದು ಜೆ. ಎಫ್. ಫ್ಲೀಟ್ ವಾದಿಸಿದಾಗ, ಬಿ. ಎಲ್. ರೈಸ್ ಅದನ್ನು ಒಪ್ಪದಿದ್ದಾಗ, ಚರ್ಚೆ ನಡೆದುದು ಈ ಗಡಿಯಲ್ಲಿಯೇ. ಎಲ್ಲ ಶಾಸನಗಳನ್ನೂ ಸಮನ್ವಯಗೊಳಿಸುವ ಹಟ, ಹೊಂದದ ಶಾಸನವನ್ನೆಲ್ಲ ಕೂಟವೆನ್ನುವ ಆತುರ, ಇವೆರಡೂ ಏಕಾಂತಗಳೇ.

ಆದುದರಿಂದ ಕ್ರಮ ಮುಖ್ಯ. ಎರಡು ಆಧಾರಗಳು ವಿರೋಧಿಸಿದಾಗ ಒಂದನ್ನು ತಳ್ಳಿಹಾಕುವ ಮೊದಲು, ಎರಡೂ ಯಾವ ಅಪೇಕ್ಷೆಯಿಂದ ನಿಜವಾಗಬಲ್ಲವೆಂದು ಕೇಳಬೇಕು. ದೊರೆತ ಕೊಂಡಿಗೆ ಸ್ವತಂತ್ರವಾದ ಆಧಾರವನ್ನು ಹುಡುಕಬೇಕು. ಆಧಾರವಿಲ್ಲದ ಕೊಂಡಿ ಕೇವಲ ಜಾಣ ಊಹೆ. ಅದು ಸಿಗದಿದ್ದಾಗ ವಿರೋಧವನ್ನು ವಿರೋಧವೆಂದೇ ಒಪ್ಪಬೇಕು. ಪರೀಕ್ಷೆಯ ಪ್ರಶ್ನೆ ಕಲಿಸುವುದು ಮೊದಲ ಹೆಜ್ಜೆಯನ್ನು ಮಾತ್ರ. ಉಳಿದೆರಡು ಹೆಜ್ಜೆಗಳನ್ನು ಹಸ್ತಪ್ರತಿ, ಶಾಸನಗಳ ಮುಂದೆ ಕುಳಿತೇ ಕಲಿಯಬೇಕು.