ಪಗಾರ ಬಂತು, ಓಟಿ ಹೋತು

ಹೋದ ಸಲ ರಂಜಕದ ಬಗ್ಗೆ ಬರದಾಗ ಭಾಳ ಮಂದಿ ಫೋನ್ ಮಾಡಿ ಮೆಣಸಿನಕಾಯಿ ಅಳತಿ ಕೇಳಿದ್ರಿ. ಈ ಸಲನೂ ಅಳತಿ ಲೆಕ್ಕನ ಐತಿ, ಆದ್ರ ಅಡಗಿದ್ದಲ್ಲ, ಪಗಾರದ್ದು. ಗಂಡಸರ ವಿಷಯ ಅಂತ ಬಿಟ್ಟು ಹೋಗಬ್ಯಾಡ್ರಿ. ತಿಂಗಳ ಕೊನಿಗೆ ಕಿರಾಣಿ ಉದ್ರಿ ತೀರಸಾವ್ರು ನಾವ ಅಲ್ಲೇನು?

ನನ್ನ ತಂಗಿ ಮಗ ಐದು ವರ್ಷದಿಂದ ಹುಬ್ಬಳ್ಳಿ ಕಡೆ ಒಂದು ಕಾರ್ಖಾನ್ಯಾಗ ಮಶೀನ್ ಮ್ಯಾಲೆ ಕೆಲಸ ಮಾಡ್ತಾನ. ಎಂಟು ತಾಸಿಗೆ 600 ರೂಪಾಯಿ, ಹೆಚ್ಚಿಗೆ ನಿಂತರ ಓಟಿ. ಈ ವರ್ಷ ಸಂಕ್ರಾಂತಿ ಆದಮ್ಯಾಲೆ ಅವನ ಕೈಯಾಗ ಒಂದು ಪತ್ರ ಕೊಟ್ರು. ಇನ್ನ ಮ್ಯಾಲೆ ನೀನು ದಿನಗೂಲಿಯವ ಅಲ್ಲ, ಅಸಿಸ್ಟಂಟ್ ಸೂಪರ್‌ವೈಸರ್, ತಿಂಗಳಿಗೆ 18,500 ರೂಪಾಯಿ ಪಗಾರ, ಓಟಿ ಇರಂಗಿಲ್ಲ ಅಂತ ಅದರಾಗ ಬರದಿದ್ರು. ಸಹಿ ಮಾಡಿ ಬಂದ. ನನ್ನ ತಂಗಿ ಅವತ್ತ ಓಣಿ ತುಂಬ ಪೇಢೆ ಹಂಚಿದ್ಲು. ನಾನೂ ಎರಡು ತಿಂದೆ, ಸುಳ್ಳು ಯಾಕ ಹೇಳ್ಲಿ.

ಮುಂದಿನ ತಿಂಗಳ ಒಂದು ಐತವಾರ ಹುಡುಗ ನಮ್ಮನಿಗೆ ಬಂದ. ರೊಟ್ಟಿ ತಟ್ಟಾಕತ್ತಿದ್ದೆ. ಅಡಗಿಮನಿ ಹೊಸ್ತಿಲ ಮ್ಯಾಲೆ ಕುಂತು, "ದೊಡ್ಡವ್ವಾ, ಪ್ರಮೋಷನ್ ಆಗಿ ರೊಕ್ಕ ಕಡಿಮಿ ಆಗೈತಿ" ಅಂದ. ನಾನು ನಕ್ಕೆ. ಅವ ನಗಲಿಲ್ಲ.

ಕೈ ತೊಳಕೊಂಡು ಕ್ಯಾಲೆಂಡರಿನ ಹರದ ಹಾಳಿ ಹಿಂದ ಲೆಕ್ಕ ಹಾಕಿದ್ವಿ. ನೀವೂ ಹಾಕ್ರಿ. ದಿನಕ್ಕ 600 ಅಂದ್ರ ತಾಸಿಗೆ 75. ಓಟಿಗೆ ಎರಡು ಪಟ್ಟು, ತಾಸಿಗೆ 150. ಇಪ್ಪತ್ತಾರು ದಿನದ ಕೂಲಿ 15,600. ದಿನಾ ಎರಡು ತಾಸಿನಂಗ ಇಪ್ಪತ್ತು ದಿನ ಓಟಿ ಮಾಡ್ತಿದ್ದ, ಅದು ನಲವತ್ತು ತಾಸು, 6,000 ರೂಪಾಯಿ. ಎಲ್ಲಾ ಕೂಡಿ 21,600. ಈಗ ಬರೋದು 18,500. ಕೆಲಸ ಕಡಿಮಿ ಆಗೈತೇನು ಅಂತ ಕೇಳಿದೆ. ಇಲ್ಲ, ಅವ ಹತ್ತು ತಾಸು, ಅದ ಮಶೀನು. ಅಂದ್ರ ಆ ನಲವತ್ತು ತಾಸಿಗೆ ಈಗ ಸಿಗೋದು ಬರೇ 2,900. ತಾಸಿಗೆ ಎಪ್ಪತ್ತೆರಡೂವರಿ ರೂಪಾಯಿ. ಎರಡು ಪಟ್ಟು ದೂರ ಉಳೀತು, ಹಗಲಿನ ಕೂಲಿನೂ ಪೂರ್ತಿ ಬರಲಿಲ್ಲ! ತಿಂಗಳಿಗೆ 3,100 ಖೋತಾ, ಮ್ಯಾಲೆ ಕೊಳ್ಳಾಗ ಸೂಪರ್‌ವೈಸರ್ ಅನ್ನೋ ಹೆಸರು.

ಹಿಂಗ ಮಾಡಾಕ ಬರತೈತೇನು ಅಂತ ಕೇಳಾಕ ನಮ್ಮ ಓಣ್ಯಾಗಿನ ಕಾಕಾ ಕಡೆ ಕರಕೊಂಡು ಹೋದೆ. ಅವರು ಮೂವತ್ತು ವರ್ಷ ವಕೀಲರ ಕಡೆ ಗುಮಾಸ್ತರಾಗಿದ್ದಾವ್ರು, ಕಾರ್ಮಿಕರ ಕೇಸ್ ಭಾಳ ನೋಡ್ಯಾರ. ಅವರು ಹೇಳಿದ್ದನ್ನ ನನಗ ತಿಳದಷ್ಟು ಬರೀತೀನಿ.

ದಿನಗೂಲಿ ಬಿಟ್ಟು ತಿಂಗಳ ಪಗಾರ ಮಾಡೂದು ತಪ್ಪಲ್ಲಂತ. ಆದ್ರ ಪಗಾರ ಮಾಡಿದ ಮಾತ್ರಕ್ಕ ಓಟಿ ಹೋಗಂಗಿಲ್ಲ. ದಿನದ ಲೆಕ್ಕ ಕೊಡ್ಲಿ, ತಿಂಗಳ ಲೆಕ್ಕ ಕೊಡ್ಲಿ, ಕೆಲಸಗಾರ ಕೆಲಸಗಾರನ. 1948ರ ಫ್ಯಾಕ್ಟರಿ ಕಾಯ್ದೆದಾಗ ದಿನಕ್ಕ 9 ತಾಸು ಇಲ್ಲಾ ವಾರಕ್ಕ 48 ತಾಸು ದಾಟಿದ್ರ, ದಾಟಿದ ತಾಸಿಗೆ ಎರಡು ಪಟ್ಟು ಕೂಲಿ ಅಂತ ಇತ್ತು. 2025ರ ನವೆಂಬರ್ 21ರಿಂದ ಹಳೇ ಕಾಯ್ದೆಗಳ ಜಾಗಾದಾಗ ನಾಕು ಹೊಸಾ ಕಾರ್ಮಿಕ ಸಂಹಿತೆ ಬಂದಾವ. ಅದರಾಗೂ ಎರಡು ಪಟ್ಟು ಉಳದೈತಿ. ಕೆಲಸಗಾರ ಒಪ್ಪಿದ್ರ ಮಾತ್ರ ಓಟಿ ಮಾಡಿಸಬೇಕು ಅಂತನೂ ಐತಿ. ಪಗಾರ, ಕೆಲಸದ ತಾಸು ಇಂಥಾವು ಬದಲು ಮಾಡೂದಿದ್ರ 21 ದಿನ ಮೊದಲ ನೋಟೀಸು ಕೊಡಬೇಕು. ನಮ್ಮ ಹುಡುಗಗ ಕೊಟ್ಟಿದ್ದು ಒಂದು ಪೆನ್ನು, ಸಹಿ ಹಾಕಾಕ.

ಹಂಗಾದ್ರ ಸೂಪರ್‌ವೈಸರ್ ಅನ್ನೋ ಹೆಸರು ಯಾಕ? ಇದ ನೋಡ್ರಿ ಗಂಟು. ಖರೇನ ಸೂಪರ್‌ವೈಸರ್ ಕೆಲಸ ಮಾಡಿ ತಿಂಗಳಿಗೆ 18,000 ದಾಟಿದವ ಆ ಸಂಹಿತೆ ಲೆಕ್ಕದಾಗ ವರ್ಕರ್ ಅಲ್ಲ. ಹದಿನೆಂಟರ ಮ್ಯಾಲೆ ಐದುನೂರು ಯಾಕ ಬಂತು ಅಂತ ನನಗ ಆಗ ತಿಳದಂಗಾತು. ಆದ್ರ ಕೋರ್ಟು ಕಾಗದದ ಮ್ಯಾಲಿನ ಹೆಸರು ನೋಡಂಗಿಲ್ಲ, ಮುಖ್ಯವಾಗಿ ಏನ್ ಕೆಲಸ ಮಾಡ್ತಾನ ಅನ್ನೋದನ್ನ ನೋಡತೈತಿ ಅಂದ್ರು ಕಾಕಾ. ಹುಡುಗನ್ನ ಕೇಳಿದ್ರು: "ನಿನ್ನ ಕೈಕೆಳಗ ಎಷ್ಟು ಮಂದಿ? ಅವರಿಗೆ ಕೆಲಸ ಹಂಚಾವ ನೀನೇನು? ಯಾರಿಗರೆ ರಜಾ ಕೊಡಾಕ ಬರತೈತಿ?" ಅವ ಅಂದ, "ನನ್ನ ಕೈಕೆಳಗ ಮಶೀನ್ ಒಂದ ಐತ್ರಿ ಕಾಕಾ."

ಹಿಟ್ಟಿನ ಡಬ್ಬಿಗೆ ಸಕ್ಕರಿ ಅಂತ ಚೀಟಿ ಅಂಟಿಸಿದ್ರ ಹಿಟ್ಟು ಸಿಹಿ ಆಗತೈತೇನ್ರಿ?

ಸಹಿ ಮಾಡಿ ಬಿಟ್ಟಾನಲ್ಲ ಅಂತ ನಾನು ಅಂಜಿದ್ದೆ. ಕಾಯ್ದೆ ಪ್ರಕಾರ ಬರಬೇಕಾದ ರೊಕ್ಕ ಬ್ಯಾಡ ಅಂತ ಬರದುಕೊಟ್ರೂ ಆ ಬರಹ ನಡಿಯಂಗಿಲ್ಲಂತ. ಅಂಗಡಿಯಾಗ ದುಡಿಯಾವ್ರಿಗೂ ಹೇಳಿಬಿಡ್ತೀನಿ, ನಮ್ಮ ಓಣ್ಯಾಗ ಅರಿವಿ ಅಂಗಡಿಗೆ ಹೋಗೋ ಸೊಸಿಯಂದ್ರು ಇದ್ದಾರ. ಕರ್ನಾಟಕದ ಅಂಗಡಿ ಕಾಯ್ದೆ 1961ರದ್ದು. ಅದರಾಗೂ ದಿನಕ್ಕ 9, ವಾರಕ್ಕ 48, ದಾಟಿದ್ರ ಎರಡು ಪಟ್ಟು.

ಮಾಲಕರ ಕಡಿಂದನೂ ಒಂದು ಮಾತು ಹೇಳಬೇಕು. ಪಗಾರ ಅಂದ್ರ ಒಳ್ಳೇದೂ ಐತಿ. ಆರ್ಡರ್ ಇಲ್ಲದ ತಿಂಗಳ ಓಟಿ ಬರಂಗಿಲ್ಲ, ಪಗಾರ ಬರತೈತಿ. ಬ್ಯಾಂಕಿನ್ಯಾವ್ರು ಸಾಲ ಕೊಡಾಕ ಹಿಂದಮುಂದ ನೋಡಂಗಿಲ್ಲ. 18,500 ಕೊಟ್ಟು ಎಂಟು ತಾಸಿಗೆ ಮನಿಗೆ ಬಿಟ್ರ ಅದು ಖರೇ ಬಡ್ತಿ, ನಾನೂ ಇನ್ನೆರಡು ಪೇಢೆ ತಿಂತಿದ್ದೆ. ತಕರಾರು ಪಗಾರದ ಮ್ಯಾಲೆ ಅಲ್ಲ, ಪಗಾರದ ಹೆಸರಿಲೆ ಹತ್ತು ತಾಸು ದುಡಿಸ್ಕೊಳ್ಳೋದರ ಮ್ಯಾಲೆ.

ಇನ್ನ ನಮ್ಮ ತಪ್ಪಿಗೆ ಬರೋಣು. ಹುಡುಗ ಅಷ್ಟು ಲಗೂನ ಸಹಿ ಯಾಕ ಮಾಡಿದ ಗೊತ್ತೇನು? ಅವನಿಗೆ ಹೆಣ್ಣು ನೋಡಾಕತ್ತೀವಿ. ದಿನಗೂಲಿ ಅಂದ್ರ ಬೀಗರು ಚಹಾ ಕುಡದು ಎದ್ದು ಹೋಗ್ತಾರ, ಪಗಾರ ಅಂದ್ರ ಉಪ್ಪಿಟ್ಟು ತಿನ್ನಾಕ ಕುಂದ್ರತಾರ. ಹೆಣ್ಣಿನ ಕಡೆಯಾವ್ರಾಗಿ ನಾವೂ ಹಂಗ ಮಾಡೇವಿ. ಕೈಗೆ ಎಷ್ಟು ಬರತೈತಿ, ಎಷ್ಟು ತಾಸು ದುಡೀತಾನ, ಮಾಡಿದ ಕೈಗೆ ಪೂರ್ತಿ ಸಿಗತೈತೋ ಇಲ್ಲೋ ಅಂತ ಯಾರೂ ಕೇಳಲಿಲ್ಲ. ಹುದ್ದೆ ಏನು ಅಂತ ಕೇಳಿದ್ವಿ. ನಾವು ಹೆಸರು ಕೇಳ್ತೀವಿ ಅಂತನ ಅವರು ಹೆಸರು ಕೊಡ್ತಾರ.

ಅದಕ್ಕ ನನ್ನ ಮಾತು ಇಷ್ಟ. ಮನ್ಯಾಗ ಯಾರರೆ ಇಂಥಾ ಪತ್ರ ತಂದ್ರ, ಪೇಢೆ ತರೂಕಿಂತ ಮೊದಲ ಪೆನ್ನು ಹಾಳಿ ತಗೋರಿ. ಹಿಂದಿನ ಆರು ತಿಂಗಳ ಪಗಾರ ಚೀಟಿ ತಗದು ಓಟಿ ಕೂಡಿಸಿ ನೋಡ್ರಿ. ಎಷ್ಟು ತಾಸಿಗೆ ಈ ಪಗಾರ ಅಂತ ಬರಹದಾಗ ಕೇಳಸ್ರಿ. ಒಳಗ ಹೋದ ಹೊತ್ತು, ಹೊರಗ ಬಂದ ಹೊತ್ತು ದಿನಾ ಬರದಿಡ್ರಿ, ಹಾಲಿನ ಲೆಕ್ಕ ಬರೀತೀವಲ್ಲ ಹಂಗ. ಒಬ್ಬಾವನ ಕೇಳಾಕ ಹೋಗಬ್ಯಾಡ್ರಿ, ನಾಕು ಮಂದಿ ಕೂಡಿ ಹೋಗ್ರಿ. ಅಲ್ಲಿ ಆಗಲಿಲ್ಲಂದ್ರ ಕಾರ್ಮಿಕ ಇಲಾಖೆ ಆಫೀಸು ಐತಿ.

ನಮ್ಮ ಹುಡುಗನ ಜೋಡಿ ಅಂಥಾ ಪತ್ರ ತಗೊಂಡಾವ್ರು ಇನ್ನೂ ನಾಕು ಮಂದಿ ಇದ್ರು. ಐದೂ ಮಂದಿ ಕೂಡಿ ಅರ್ಜಿ ಕೊಟ್ಟಾರ. ಮುಂದಿನ ತಿಂಗಳ ಹೇಳ್ತೀವಿ ಅಂದಾರಂತ. ಹೊತ್ತು ಬರಿಯೋ ಬುಕ್ಕು ಕಿಸೆದಾಗ ಇಟ್ಕೊಂಡು ಹೋಗ್ತಾನ.

ನನ್ನ ತಂಗಿ ಮಾತ್ರ ಸಿಟ್ಟಾಗ್ಯಾಳ. "ನೌಕರಿ ಹೋದ್ರ ನೀ ಕೊಡ್ತೀಯೇನ ಅಕ್ಕಾ?" ಅಂದ್ಲು. ಆ ಮಾತಿಗೆ ನನ್ನ ಕಡೆ ಉತ್ತರ ಇಲ್ಲ. ಅಕಿ ಅಂಜಿಕಿ ಸುಳ್ಳಲ್ಲ. ಆದ್ರ ಹಿಂಗ ಅಂಜಿಕೊಂಡ ತಿಂಗಳಿಗೆ 3,100ರಂಗ ಬಿಟ್ರ ವರ್ಷಕ್ಕ 37,200 ಆಗತೈತಿ. ಅಕಿ ಮಗನ ಮದುವಿಗೆ ತಾಳಿ ಮಾಡಸೋ ರೊಕ್ಕ ಅದು.

ಎರಡು ಐತವಾರ ಆತು, ಅಕಿ ಬಂದಿಲ್ಲ. ಇದನ್ನ ಓದ್ತಾಳ ಅಂತ ನನಗ ಗೊತ್ತು. ತಂಗೀ, ಈ ಐತವಾರ ಬಾ, ಎಣ್ಣಿಗಾಯಿ ಮಾಡ್ತೀನಿ. ಲೆಕ್ಕದ ಹಾಳಿ ಹಂಗ ಇಟ್ಟೇನಿ. ನೀನೂ ಒಂದ್ ಸಲ ಕೂಡಿಸಿ ನೋಡು, ನನ್ನ ಲೆಕ್ಕ ತಪ್ಪಿದ್ರ ಹೇಳು.