ಊರ ವರ್ತಮಾನ ಬರೆಯಿಸದ ಪತ್ರಿಕೋದ್ಯಮ

ಜುಲೈ 1ರ ಪತ್ರಿಕಾ ದಿನಾಚರಣೆಯ ಬೆನ್ನಿಗೇ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಕಾಲೇಜುಗಳಿಂದ ಈ ವಾರ ಪತ್ರಿಕೆಗಳಿಗೆ ಬಂದ ಪ್ರಕಟಣೆಗಳೆಲ್ಲವೂ ಒಂದೇ ಧಾಟಿಯಲ್ಲಿವೆ. ಪತ್ರಿಕೋದ್ಯಮವು ಪ್ರಜಾಪ್ರಭುತ್ವದ ನಾಲ್ಕನೆಯ ಸ್ತಂಭವೆಂದು ಅತಿಥಿಗಳು ಅಭಿಪ್ರಾಯಪಟ್ಟಿದ್ದಾರೆ, ವಿದ್ಯಾರ್ಥಿಗಳು ಸಮಾಜಮುಖಿಯಾಗಬೇಕೆಂದು ಕರೆ ನೀಡಿದ್ದಾರೆ, ವೇದಿಕೆಯ ಮೇಲೆ ಉಪಸ್ಥಿತರಿದ್ದವರ, ಸ್ವಾಗತಿಸಿದವರ, ನಿರೂಪಿಸಿದವರ ಮತ್ತು ವಂದಿಸಿದವರ ಹೆಸರುಗಳಿಗೆ ಅರ್ಧ ಕಾಲಂ ಹೋಗಿದೆ. ಆದರೆ ಸಭೆಯಲ್ಲಿ ನಿಜವಾಗಿ ಯಾವ ಮಾತು ನಡೆಯಿತು, ವಿದ್ಯಾರ್ಥಿಗಳು ಏನು ಕೇಳಿದರು ಎಂಬುದಕ್ಕೆ ಒಂದು ವಾಕ್ಯವೂ ಇಲ್ಲ. ಇದಕ್ಕಿಂತ ಹೆಚ್ಚು ಬೇಸರ ತರುವ ಸಂಗತಿಯೆಂದರೆ, ಪತ್ರಿಕೋದ್ಯಮವನ್ನೇ ವಿಷಯವಾಗಿ ಓದುತ್ತಿರುವ ಹುಡುಗ ಹುಡುಗಿಯರು ಸಭಿಕರ ಸಾಲಿನಲ್ಲಿ ಕುಳಿತಿರುವಾಗ ಅವರದೇ ಸಮಾರಂಭದ ವರದಿಯನ್ನು ಕಾಲೇಜಿನ ಕಚೇರಿ ಬರೆದು ಕಳಿಸುವುದು.

ಯಾವ ಪತ್ರಿಕೆಯ ನೆನಪಿಗಾಗಿ ಈ ದಿನಾಚರಣೆ ನಡೆಯುತ್ತದೆಯೋ ಅದರ ಸ್ವರೂಪವನ್ನು ಈ ಭಾಷಣಕಾರರು ಒಮ್ಮೆ ಗಮನಿಸಬೇಕಿತ್ತು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರತಂದ ‘ಮಂಗಳೂರ ಸಮಾಚಾರ’ ಪಾಕ್ಷಿಕವಾಗಿತ್ತು, ಪುಟಗಳು ಬೆರಳೆಣಿಕೆಯವು. ಆದರೂ ಅಷ್ಟರಲ್ಲೇ ‘ಊರ ವರ್ತಮಾನ’ಕ್ಕೆ ತನ್ನದೇ ಸ್ಥಾನವಿತ್ತು. ಕನ್ನಡ ಪತ್ರಿಕೆ ಹುಟ್ಟಿದ್ದೇ ಊರಿನ ಸುದ್ದಿಯನ್ನು ಬಗಲಲ್ಲಿಟ್ಟುಕೊಂಡು ಎಂಬುದು ಇತಿಹಾಸದ ಪ್ರಶ್ನೆಪತ್ರಿಕೆಯಲ್ಲಿ ಎರಡು ಅಂಕಕ್ಕೆ ಬರುತ್ತದೆ, ವರದಿಗಾರಿಕೆಯ ತರಗತಿಯಲ್ಲಿ ಮಾತ್ರ ಬರುವುದಿಲ್ಲ.

ಸುದ್ದಿಯ ಆರಂಭದಲ್ಲಿ ಅಚ್ಚಾಗುವ, ವರದಿ ಯಾವ ಊರಿನಿಂದ ಬಂದಿತೆಂದು ತಿಳಿಸುವ ಹೆಸರಿಗೆ ಡೇಟ್‌ಲೈನ್ ಎನ್ನುತ್ತಾರೆ. ಊರ ವರ್ತಮಾನದ ಕೊರತೆ ಅಲ್ಲಿಯೇ ಕಾಣುತ್ತದೆ. ಮಿರಜ–ಬೆಳಗಾವಿ ರೈಲು ಮಾರ್ಗದಲ್ಲಿ, ಕಾಗವಾಡ ತಾಲ್ಲೂಕಿನಲ್ಲಿರುವ ಶೇಡಬಾಳ ಜೈನ ಆಚಾರ್ಯ ವಿದ್ಯಾನಂದ ಮುನಿಗಳು 1925ರಲ್ಲಿ ಹುಟ್ಟಿದ ಊರು; 2025ರ ಜೂನ್ ಕೊನೆಯಲ್ಲಿ ದೆಹಲಿಯ ವಿಜ್ಞಾನ ಭವನದಲ್ಲಿ ಅವರ ಜನ್ಮಶತಾಬ್ದಿಯ ಸಮಾರಂಭ ಪ್ರಧಾನಿಯವರ ಸಮ್ಮುಖದಲ್ಲಿ ನಡೆದಾಗ ಶೇಡಬಾಳದ ಹೆಸರು ದೇಶದ ಪತ್ರಿಕೆಗಳಲ್ಲಿ ಬಂದಿತಾದರೂ ಡೇಟ್‌ಲೈನ್ ನವದೆಹಲಿಯದಾಗಿತ್ತು. ಸಮಾರಂಭ ನಡೆದಲ್ಲಿಂದ ಸುದ್ದಿ ಬರುವುದು ಸಹಜ. ಆದರೆ ಮುನಿಗಳು ಬಾಲ್ಯ ಕಳೆದ ಓಣಿಗೆ ಹೋಗಿ, ಹಿರಿಯರನ್ನು ಮಾತನಾಡಿಸಿ, ಶೇಡಬಾಳ ಎಂಬ ಡೇಟ್‌ಲೈನ್ ಹಾಕಿ ಬರೆಯುವ ಕೆಲಸವನ್ನು ಸುತ್ತಲಿನ ಎಷ್ಟು ಕಾಲೇಜುಗಳು ತಮ್ಮ ವಿದ್ಯಾರ್ಥಿಗಳಿಗೆ ಒಪ್ಪಿಸಿದವು ಎಂದು ಕೇಳುವುದು ತಪ್ಪಾಗಲಾರದು.

ತರಗತಿಯಲ್ಲಿ ಕಲಿಸುವುದು ಏನನ್ನು ಎಂಬುದನ್ನೂ ನೋಡಬೇಕು. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂಬ ಆರು ಪ್ರಶ್ನೆಗಳನ್ನೂ, ಅತಿ ಮುಖ್ಯವಾದ ಸಂಗತಿಯನ್ನು ಮೊದಲು ಹೇಳಿ ಉಳಿದುದನ್ನು ಮಹತ್ವದ ಇಳಿಕೆಯ ಕ್ರಮದಲ್ಲಿ ಜೋಡಿಸುವ ‘ತಲೆಕೆಳಗಾದ ಪಿರಮಿಡ್’ ವಿಧಾನವನ್ನೂ ವಿದ್ಯಾರ್ಥಿ ಮೊದಲ ಸೆಮಿಸ್ಟರಿನಲ್ಲೇ ಬಾಯಿಪಾಠ ಮಾಡುತ್ತಾನೆ, ಮತ್ತು ಪಿರಮಿಡ್ಡಿನ ಚಿತ್ರ ಬರೆದು ಪೂರ್ಣಾಂಕ ಪಡೆಯುತ್ತಾನೆ. ಕರ್ನಾಟಕದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂದಿತು, 2024-25ರಿಂದ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಲಾಯಿತು. ಪಠ್ಯವಿಷಯಗಳ ಶೀರ್ಷಿಕೆಗಳು ಬದಲಾದವು, ಬಾಯಿಪಾಠದ ಪದ್ಧತಿ ಕದಲಲಿಲ್ಲ.

ಕೃಷ್ಣೆಯ ದಡದ ತಾಲ್ಲೂಕಿನಲ್ಲಿ ವರದಿಗಾರಿಕೆ ಕಲಿಸಲು ಪುಸ್ತಕದ ಉದಾಹರಣೆಗಳನ್ನು ಹುಡುಕಬೇಕಾದ ಪ್ರಸಂಗವೇ ಇಲ್ಲ. ತರಗತಿಗಳು ನಡೆಯುವ ಜುಲೈ–ಆಗಸ್ಟ್ ತಿಂಗಳುಗಳಲ್ಲೇ ನದಿ ಏರುತ್ತದೆ, ಜುಗೂಳ, ಮಂಗಾವತಿ, ಶಹಾಪುರ, ಕೃಷ್ಣಾ ಕಿತ್ತೂರಿನಂಥ ಊರುಗಳ ಜನ ದಿನಕ್ಕೆ ಹತ್ತು ಸಲ ನೀರಿನ ಮಟ್ಟ ವಿಚಾರಿಸುತ್ತಾರೆ, 2005, 2019 ಮತ್ತು 2021ರ ಮಹಾಪೂರಗಳನ್ನು ಕಂಡ ಮನೆಗಳಲ್ಲಿ ಸಾಮಾನು ಗಂಟು ಕಟ್ಟಿಡಲು ತೊಡಗುತ್ತಾರೆ. ಇಂಥ ಹೊತ್ತಿನಲ್ಲಿ ಅಚ್ಚಾಗುವ ಸುದ್ದಿಗಳಲ್ಲಿ ಅಂಕಿಗಳಿಗೆ ಕೊರತೆಯಿರುವುದಿಲ್ಲ, ಅವುಗಳ ಅರ್ಥಕ್ಕೆ ಕೊರತೆ. ಕ್ಯುಸೆಕ್ ಎಂದರೆ ಒಂದು ಸೆಕೆಂಡಿಗೆ ಹರಿಯುವ ನೀರನ್ನು ಘನ ಅಡಿಯಲ್ಲಿ ಅಳೆದ ಪ್ರಮಾಣ, ಅಂದರೆ ಹರಿವಿನ ದರದ ಲೆಕ್ಕ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸಂಗ್ರಹದ ಲೆಕ್ಕ. ಸುಮಾರು 11,574 ಕ್ಯುಸೆಕ್ ನೀರು ಇಡೀ ಒಂದು ದಿನ ಹರಿದರೆ ಒಂದು ಟಿಎಂಸಿಯಾಗುತ್ತದೆ, ಒಂದು ಲಕ್ಷ ಕ್ಯುಸೆಕ್ ಹರಿದರೆ ದಿನಕ್ಕೆ ಎಂಟೂವರೆ ಟಿಎಂಸಿಗೂ ಮೀರುತ್ತದೆ. ಇಷ್ಟು ಗುಣಾಕಾರ ಗೊತ್ತಿರುವ ವಿದ್ಯಾರ್ಥಿ ಮೇಲ್ಭಾಗದ ಮಹಾರಾಷ್ಟ್ರದಲ್ಲಿ ಸುಮಾರು 105 ಟಿಎಂಸಿ ಸಾಮರ್ಥ್ಯದ ಕೊಯ್ನಾ ಜಲಾಶಯದಲ್ಲಿ ಇನ್ನೆಷ್ಟು ಜಾಗವಿದೆ, ಕೆಳಗೆ 123 ಟಿಎಂಸಿಯ ಆಲಮಟ್ಟಿಗೆ ಈ ವೇಗದಲ್ಲಿ ಎಷ್ಟು ದಿನದಲ್ಲಿ ಎಷ್ಟು ನೀರು ಸೇರುತ್ತದೆ ಎಂದು ಓದುಗನಿಗೆ ಬಿಡಿಸಿ ಹೇಳಬಲ್ಲ. ಗೊತ್ತಿಲ್ಲದವನು ಪ್ರಕಟಣೆಯ ಅಂಕಿಯನ್ನು ಹಾಗೆಯೇ ಇಳಿಸಿ ‘ಆತಂಕ’ ಎಂಬ ಪದವನ್ನು ಶೀರ್ಷಿಕೆಗೆ ಸೇರಿಸುತ್ತಾನೆ.

ಇನ್ನೊಂದು ತಪ್ಪು ಪ್ರತಿ ವರ್ಷ ಮರುಕಳಿಸುತ್ತದೆ. ಮಹಾರಾಷ್ಟ್ರದ ಶಿರೋಳ ತಾಲ್ಲೂಕಿನ ರಾಜಾಪುರ ಬ್ಯಾರೇಜಿನಲ್ಲಿ ಹರಿಯುವ ನೀರಿಗೆ ದೂಧಗಂಗೆಯ ನೀರನ್ನು ಕೂಡಿಸಿ, ಅಷ್ಟನ್ನೂ ಆ ರಾಜ್ಯ ‘ಬಿಡುಗಡೆ ಮಾಡಿದೆ’ ಎಂದು ಬರೆಯಲಾಗುತ್ತದೆ. ರಾಜಾಪುರದ್ದು ಕೊಯ್ನಾದಂಥ ಜಲಾಶಯವಲ್ಲ. ಅಲ್ಲಿ ದಾಖಲಾಗುವ ಹರಿವಿನಲ್ಲಿ ಜಲಾಶಯದಿಂದ ಬಿಟ್ಟ ನೀರಿನ ಜೊತೆಗೆ ವಾರಣಾ, ಪಂಚಗಂಗೆಗಳ ಕಣಿವೆಗಳಲ್ಲಿ ಸುರಿದ ಮಳೆಯೂ ಇರುತ್ತದೆ. ಹರಿವು ಮತ್ತು ಬಿಡುಗಡೆಗಳ ನಡುವಿನ ಈ ವ್ಯತ್ಯಾಸವನ್ನು ಮರೆತ ಒಂದು ಕ್ರಿಯಾಪದವು ನೆರೆ ಬಂದ ಜನರ ಸಿಟ್ಟನ್ನು ಅನ್ಯಾಯವಾಗಿ ನೆರೆ ರಾಜ್ಯದ ಮೇಲೆ ತಿರುಗಿಸಬಲ್ಲುದು. ಗಡಿಭಾಗದ ವಿದ್ಯಾರ್ಥಿಗೆ ಇದನ್ನು ಪರಿಶೀಲಿಸುವ ಅನುಕೂಲ ಬೆಂಗಳೂರಿನ ಯಾವ ವರದಿಗಾರನಿಗಿಂತಲೂ ಹೆಚ್ಚಿದೆ, ಏಕೆಂದರೆ ಅವನಿಗೆ ಮರಾಠಿ ಬರುತ್ತದೆ. ಸಾಂಗಲಿಯ ಐರ್ವಿನ್ ಸೇತುವೆಯಲ್ಲಿ 40 ಅಡಿ ಎಚ್ಚರಿಕೆಯ ಮಟ್ಟ, 45 ಅಡಿ ಅಪಾಯದ ಮಟ್ಟ ಎಂಬುದನ್ನು ಅವನು ಅಲ್ಲಿನ ಪತ್ರಿಕೆಗಳಲ್ಲೇ ಓದುತ್ತಾನೆ, ಆ ನೀರೇ ಕೆಳಗೆ ಹರಿದು ಕಾಗವಾಡ ತಾಲ್ಲೂಕಿನ ದಡ ಮುಟ್ಟುತ್ತದೆಂದೂ ಅವನಿಗೆ ಗೊತ್ತು. ಎರಡು ಭಾಷೆಗಳಲ್ಲಿ ಎರಡು ರಾಜ್ಯಗಳ ಅಧಿಕಾರಿಗಳನ್ನು ಪ್ರಶ್ನಿಸಬಲ್ಲ ಇಂಥ ಶಕ್ತಿಗೆ ಯಾವ ಆಂತರಿಕ ಮೌಲ್ಯಮಾಪನದಲ್ಲೂ ಒಂದು ಅಂಕ ಸಿಗುವುದಿಲ್ಲವೆಂಬುದು ಸಣ್ಣ ಲೋಪವಲ್ಲ.

ನದಿ ಇಳಿದ ಮೇಲೆ ಕಬ್ಬಿನ ಹಂಗಾಮು. ಕಬ್ಬು ಬೆಳೆಗಾರರ ಮನೆಗಳಿಂದಲೇ ಬರುವ ವಿದ್ಯಾರ್ಥಿಗಳಿಗೆ ಎಫ್‌ಆರ್‌ಪಿ, ಅಂದರೆ ಕೇಂದ್ರ ಸರ್ಕಾರ ಪ್ರತಿ ಹಂಗಾಮಿಗೆ ನಿಗದಿಪಡಿಸುವ ನ್ಯಾಯಸಮ್ಮತ ಮತ್ತು ಲಾಭದಾಯಕ ದರ, ಕೇಳದ ಮಾತೇನಲ್ಲ. 2025-26ಕ್ಕೆ ಅದು ಶೇಕಡಾ 10.25ರ ಸಕ್ಕರೆ ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ, ಅಂದರೆ ಟನ್ನಿಗೆ 3,550 ಆಗಿತ್ತು. ಹಾಗಿದ್ದೂ 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಧರಣಿ ಕುಳಿತ ರೈತರು 3,500 ಕೇಳಿದ್ದೇಕೆ, 3,300ರ ತೀರ್ಮಾನ ಬಂದಿದ್ದು ಹೇಗೆ ಎಂದು ದೂರದ ಓದುಗ ಗೊಂದಲಕ್ಕೊಳಗಾದ. ಎಫ್‌ಆರ್‌ಪಿಯು ಕಾರ್ಖಾನೆಯ ಬಾಗಿಲಿಗೆ ತಲುಪಿದ ಕಬ್ಬಿನ ದರವೆಂದೂ, ಅದರಿಂದ ಕಟಾವು ಮತ್ತು ಸಾಗಾಣಿಕೆಯ ವೆಚ್ಚ ಮುರಿದುಕೊಳ್ಳಲಾಗುತ್ತದೆಂದೂ, ರೈತರ ಬೇಡಿಕೆ ಕೈಗೆ ಬರುವ ಹಣದ್ದೆಂದೂ ಎರಡು ವಾಕ್ಯ ಬರೆದರೆ ಗೊಂದಲ ಹರಿಯುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಸಲ್ಲಬೇಕು, ತಪ್ಪಿದರೆ ವಾರ್ಷಿಕ ಶೇಕಡಾ 15ರ ಬಡ್ಡಿ ಸೇರಬೇಕು. ತನ್ನ ತಂದೆಯ ಪಾವತಿ ಚೀಟಿಯ ಮೇಲಿನ ದಿನಾಂಕವನ್ನೂ ಬ್ಯಾಂಕಿನ ಪಾಸ್‌ಬುಕ್ಕಿನ ದಿನಾಂಕವನ್ನೂ ಎದುರುಬದುರು ಇಟ್ಟು ನೋಡುವುದರಿಂದ ಆರಂಭಿಸಿ, ಊರಿನ ಇಪ್ಪತ್ತು ಮನೆಗಳಿಗೆ ಹೋಗಿ, ಕಾರ್ಖಾನೆಯ ಉತ್ತರವನ್ನೂ ಪಡೆದು ಬರೆದ ವಿದ್ಯಾರ್ಥಿನಿ ತನಿಖಾ ವರದಿಗಾರಿಕೆಯ ವ್ಯಾಖ್ಯೆಯನ್ನು ಉರು ಹೊಡೆಯಬೇಕಾಗಿಲ್ಲ.

ವಿದ್ಯಾರ್ಥಿಗಳಿಂದ ಇಂಥ ವರದಿ ಬರೆಯಿಸುವುದು ಆಗದ ಮಾತೆಂದು ಪ್ರಾಧ್ಯಾಪಕರು ಹೇಳುವುದುಂಟು. ಆದರೆ ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದಲ್ಲಿ 1908ರ ಸೆಪ್ಟೆಂಬರ್ 14ರಂದು ವಾಲ್ಟರ್ ವಿಲಿಯಮ್ಸ್ ಪತ್ರಿಕೋದ್ಯಮ ಶಾಲೆಯನ್ನು ತೆರೆದಾಗ, ಮೊದಲ ತರಗತಿ ನಡೆದ ದಿನವೇ ವಿದ್ಯಾರ್ಥಿಗಳ ಪತ್ರಿಕೆಯ ಮೊದಲ ಸಂಚಿಕೆಯೂ ಹೊರಬಂದಿತು, ಮತ್ತು ಅದು ಕ್ಯಾಂಪಸ್ಸಿಗೆ ಸೀಮಿತವಾಗದೆ ಕೊಲಂಬಿಯಾ ಪಟ್ಟಣದ ಸುದ್ದಿಯನ್ನು ಪಟ್ಟಣದ ಜನರಿಗಾಗಿಯೇ ಬರೆಯಿತು. ನಮ್ಮಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪತ್ರಿಕೋದ್ಯಮದ ಬೋಧನೆ 1951ರಲ್ಲಿ ಆರಂಭವಾಗಿದ್ದು, ಇಷ್ಟು ದಶಕಗಳ ನಂತರವೂ ‘ಪ್ರಾಯೋಗಿಕ ಪತ್ರಿಕೆ’ ಎಂಬ ಹೆಸರಿನಲ್ಲಿ ಹಲವು ವಿಭಾಗಗಳು ಹೊರತರುವುದು ಪ್ರಾಂಶುಪಾಲರ ಸಂದೇಶ, ಗಣ್ಯರ ಭೇಟಿಯ ಚಿತ್ರ ಮತ್ತು ಕವನಗಳಿರುವ ನಾಲ್ಕು ಪುಟಗಳನ್ನು. ಶೇಡಬಾಳ ಪಟ್ಟಣ ಪಂಚಾಯಿತಿಯ ಸಾಮಾನ್ಯ ಸಭೆಯ ನಡಾವಳಿ, ಅದರ ಠರಾವುಗಳು, ಕುಡಿಯುವ ನೀರಿನ ಟೆಂಡರು, ಉಗಾರದ ರಸ್ತೆಯ ಅಪಘಾತದ ಎಫ್‌ಐಆರ್, ಮಾಹಿತಿ ಹಕ್ಕಿನ ಹತ್ತು ರೂಪಾಯಿಯ ಅರ್ಜಿ ಇವ್ಯಾವುದಕ್ಕೂ ಸ್ಟುಡಿಯೊ ಬೇಡ, ಕ್ಯಾಮೆರಾ ಬೇಡ. ಬೇಕಾದುದು ವಿದ್ಯಾರ್ಥಿಯ ಬರಹವನ್ನು ಸಾಲು ಸಾಲಾಗಿ ತಿದ್ದಿ, ‘ಇದನ್ನು ಯಾರು ಹೇಳಿದರು, ಆರೋಪಕ್ಕೊಳಗಾದವರನ್ನು ಕೇಳಿದೆಯಾ’ ಎಂದು ಅಂಚಿನಲ್ಲಿ ಬರೆದು ವಾಪಸು ಕಳಿಸುವ ಅಧ್ಯಾಪಕ. ಲೈಂಗಿಕ ದೌರ್ಜನ್ಯಕ್ಕೊಳಗಾದ ಮಗುವಿನ ಗುರುತು ಬಯಲಾಗುವಂತೆ ಬರೆಯುವುದು ಪೋಕ್ಸೊ ಕಾಯ್ದೆಯ 23ನೆಯ ಕಲಮಿನಡಿ ಅಪರಾಧವೆಂಬುದು ಕೂಡ ಹೀಗೆ ತಿದ್ದಿದ ಪ್ರತಿಯಿಂದಲೇ ಮನಸ್ಸಿಗೆ ನಾಟುತ್ತದೆ.

ಆದುದರಿಂದ ವಿಶ್ವವಿದ್ಯಾಲಯ ಮಾಡಬೇಕಾದುದು ಸರಳವಾಗಿದೆ: ವರದಿಗಾರಿಕೆಯ ಪಠ್ಯವಿಷಯದಲ್ಲಿ ಅರ್ಧದಷ್ಟು ಅಂಕಗಳನ್ನು ತಾಲ್ಲೂಕಿನೊಳಗಿಂದ ಬರೆದು, ತಿದ್ದಿಸಿಕೊಂಡು, ಎಲ್ಲಿಯಾದರೂ ಅಚ್ಚಾದ ವರದಿಗಳಿಗೆ ಇಡಬೇಕು. ಮೂರು ವರ್ಷ ಓದಿದ ವಿದ್ಯಾರ್ಥಿಯ ಹೆಸರಿನಲ್ಲಿ ತನ್ನೂರಿನ ಒಂದು ಸುದ್ದಿಯೂ ಪ್ರಕಟವಾಗದಿದ್ದರೆ, ಅವನ ಪದವಿ ಪ್ರಮಾಣಪತ್ರದ ಮೇಲೆ ಪತ್ರಿಕೋದ್ಯಮ ಎಂಬ ಪದವನ್ನು ಅಚ್ಚು ಹಾಕುವ ಅಧಿಕಾರ ಆ ಕಾಲೇಜಿಗೂ ಇಲ್ಲ, ಅದಕ್ಕೆ ಮಾನ್ಯತೆ ಕೊಟ್ಟವರಿಗೂ ಇಲ್ಲ.