ಹಿನ್ನೆಲೆ ಬ್ಲರ್ ಆಯ್ತು ಸರಿ, ಮುಖ ಎಲ್ಲಿ?

1/5
ಎಥ್ನಿಕ್ ಡೇ ಫೋಟೋ ನೋಡಿದ್ರಾ? ಜುಮುಕಿಯ ಮಣಿ ಒಂದೊಂದೂ ಎಣಿಸಬಹುದು, ಸೀರೆ ಅಂಚಿನ ಜರಿ ಲಕಲಕ. ಕಣ್ಣು ಮಾತ್ರ ಮಂಜು ಮಂಜು. ಕೆಳಗೆ ಕಾಮೆಂಟ್: "ಬ್ಲರ್ ಸೂಪರ್ ಮಗಾ!" ಅಲ್ರೀ, ಮುಖ ನೋಡೋರು ಒಬ್ರೂ ಇಲ್ವಾ? ಆ ಫೋಟೋ ತೆಗೆದದ್ದು ನಾನೇ. ಹಾಗಾಗಿ ಮೊದಲ ಬೈಗುಳ ನನಗೇ.

2/5
ನಮ್ಮೆಲ್ಲರ ರೋಗ ಒಂದೇ: ಎಫ್/1.8 ಲೆನ್ಸ್ ಕೈಗೆ ಸಿಕ್ಕ ದಿನದಿಂದ ಎಫ್/1.8 ಬಿಟ್ಟು ಕದಲಲ್ಲ. ಬಿಕಾಂ ಓದ್ತೀವಲ್ಲ, ಲೆಕ್ಕ ಹಾಕೋಣ. ಎಪಿಎಸ್-ಸಿ ಸೆನ್ಸರ್, 50 ಎಂಎಂ ಲೆನ್ಸ್, 1 ಮೀಟರ್ ದೂರ, ಎಫ್/1.8. ಶಾರ್ಪ್ ಆಗಿ ಬರೋ ಆಳ ಸುಮಾರು ಎರಡೂವರೆ ಸೆಂಟಿಮೀಟರ್, ಅಷ್ಟೇ! ಮೂಗಿನ ತುದಿಯಿಂದ ಕಿವಿಗೆ ಅದರ ನಾಲ್ಕು ಪಟ್ಟಾದರೂ ದೂರ ಇದೆ. ಎಫ್/4ಕ್ಕೆ ಇಟ್ರೆ ಆಳ ಎರಡು ಪಟ್ಟಿಗೂ ಹೆಚ್ಚು. ಗೋಡೆಯಿಂದ ನಾಲ್ಕು ಹೆಜ್ಜೆ ಮುಂದೆ ನಿಲ್ಲಿಸಿ, ಹಿನ್ನೆಲೆ ಆಗಲೂ ಮಸುಕಾಗತ್ತೆ.

3/5
"ನನ್ನ ಕ್ಯಾಮೆರಾ ಸರಿ ಇಲ್ಲ" ಅನ್ನೋರಿಗೆ: ಫೋಕಸ್ ಪಾಯಿಂಟ್ ನೀವು ಆರಿಸಿದ್ರಾ, ಕ್ಯಾಮೆರಾಗೇ ಬಿಟ್ರಾ? ಬಿಟ್ರೆ ಅದು ಹತ್ತಿರ ಇರೋದನ್ನೋ ಹೊಳೆಯೋದನ್ನೋ ಹಿಡಿಯಬಹುದು. ಒಂದೇ ಪಾಯಿಂಟ್ ಇಡಿ, ನಿಮಗೆ ಹತ್ತಿರದ ಕಣ್ಣಿನ ಮೇಲೆ. ಫೋಕಸ್ ಮಾಡಿ ಆಮೇಲೆ ಕ್ಯಾಮೆರಾ ತಿರುಗಿಸಬೇಡಿ, ಎರಡೂವರೆ ಸೆಂಟಿಮೀಟರ್ ಅಲ್ಲೇ ತಪ್ಪಿಹೋಗತ್ತೆ. ಶಟರ್ 1/200 ಇರಲಿ. ಕತ್ತಲೆ ಅಂದ್ರೆ ಐಎಸ್ಒ ಏರಿಸಿ. ಕಾಳು ಕಾಳಾದ ಮುಖ ಆದ್ರೂ ಮುಖವೇ, ಅಲುಗಿದ ಮುಖ ಅಲ್ಲ. ಮೊಬೈಲಾ? ಲೆನ್ಸ್ ಮೇಲಿನ ಬೆರಳ ಜಿಡ್ಡು ಒರೆಸಿ, ಕಿಟಕಿ ಹತ್ರ ಕೂರಿಸಿ, ಕಣ್ಣಿನ ಮೇಲೆ ಬೆರಳಿಡಿ.

4/5
"ಎಡಿಟಿಂಗಲ್ಲಿ ಸರಿ ಮಾಡ್ತೀನಿ ಬಿಡು." ಈ ಮಾತಿಗೇ ನನಗೆ ಸಿಟ್ಟು. ಶಾರ್ಪ್‌ನೆಸ್ ಸ್ಲೈಡರ್ ಅಂಚುಗಳನ್ನ ಗಾಢ ಮಾಡತ್ತೆ, ಕಳೆದುಹೋದ ವಿವರ ತಂದುಕೊಡಲ್ಲ.

ಹೋದ ಯುಗಾದಿಗೆ ಜಗಲಿ ಮೇಲೆ ಕೂತಿದ್ದ ಅಜ್ಜಿ ಫೋಟೋ ತೆಗೆದೆ. ಎಫ್/1.8. ಬೆಂಡೋಲೆ ಶಾರ್ಪ್, ಕಣ್ಣು ಇಲ್ಲ. "ಇನ್ನೊಂದ್ಸಲ ತೆಗೆಯೋಣ" ಅಂದುಕೊಂಡೆ. ದೀಪಾವಳಿ ಹೊತ್ತಿಗೆ ಅಜ್ಜಿ ಇರಲಿಲ್ಲ. ಗೋಡೆಗೆ ಫೋಟೋ ಬೇಕು ಅಂದಾಗ ಅದನ್ನೇ ಒಂದು ಎಐ ಆ್ಯಪ್‌ಗೆ ಹಾಕಿದೆ. ಕಣ್ಣು ಫಳಫಳ ಬಂತು. ಅಪ್ಪ ತುಂಬಾ ಹೊತ್ತು ನೋಡಿ ಹೇಳಿದ್ರು: "ಚೆನ್ನಾಗಿದೆ ಕಣೋ. ಆದ್ರೆ ಇದು ಅಮ್ಮನ ಕಣ್ಣಲ್ಲ."

ಆ ಆ್ಯಪ್ ಅಜ್ಜಿಯನ್ನ ನೋಡೇ ಇರಲಿಲ್ಲ. ನೋಡಬೇಕಾಗಿದ್ದವನು ನಾನು, ನಾನು ಹಿನ್ನೆಲೆ ನೋಡ್ತಿದ್ದೆ. ಈಗ ಗೋಡೆ ಮೇಲಿರೋದು ಆ ಮಸುಕು ಫೋಟೋನೇ.

5/5
"ಮಸುಕೂ ಒಂದು ಕಲೆ" ಅಂತ ಬರೀತೀರಾ, ಗೊತ್ತು. ಬೇಕಂತಲೇ ಮಾಡಿದ್ರೆ ಕಲೆ. ಗೊತ್ತಿಲ್ಲದೆ ಆಗಿದ್ದಕ್ಕೆ ಆಮೇಲೆ ಕಲೆ ಅಂತ ಹೆಸರಿಟ್ರೆ ಅದು ಸೋಮಾರಿತನ.

ಈ ಭಾನುವಾರ ಮನೇಲಿರೋ ಹಿರಿಯರ ಒಂದು ಫೋಟೋ ತೆಗೀರಿ. ತೆಗೆದ ಕೂಡಲೇ ಝೂಮ್ ಮಾಡಿ ಕಣ್ಣು ನೋಡಿ. ಸರಿ ಬರದಿದ್ರೆ ಅವರು ಎದ್ದು ಹೋಗೋ ಮುಂಚೆ ಇನ್ನೊಂದು ತೆಗೀರಿ.

#ಕಣ್ಣಿಗೆಫೋಕಸ್